ತಪಾಸಣೆಗೂ ಕೂಲಿಯುಂಟು

ಬೇಸಿಗೆ ರಜೆಯಲ್ಲಿ ಸುಬ್ರಹ್ಮಣ್ಯಕ್ಕೋ ಧರ್ಮಸ್ಥಳಕ್ಕೋ ಹೋಗಿ ಬೆಂಗಳೂರಿಗೆ ಮರಳುವವರಿಗೆ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ, ರಸ್ತೆಯಂಚಿನಲ್ಲಿ ಬಾನೆಟ್ ಎತ್ತಿ ನಿಂತ ಕಾರು ಒಂದಾದರೂ ಕಣ್ಣಿಗೆ ಬೀಳುತ್ತದೆ. ಏರುದಾರಿ, ಮುಂದೆ ಸಾಲುಸಾಲು ಲಾರಿ, ಒಳಗೆ ತುಂಬಿದ ಸಂಸಾರ, ಸಾಲದ್ದಕ್ಕೆ ಎ.ಸಿ. ಎಲ್ಲಿಯೋ ಒಂದು ಹಳೆಯ ರಬ್ಬರ್ ಕೊಳವೆ ಬಿರುಕು ಬಿಟ್ಟು ಕೂಲೆಂಟ್ ಸೋರಿಹೋಗಿರುತ್ತದೆ. ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿದ್ದನ್ನು ಮಾತಿನ ಗದ್ದಲದಲ್ಲಿ ಯಾರೂ ನೋಡಿರುವುದಿಲ್ಲ. ನೋಡಿದವರೂ "ಸಕಲೇಶಪುರ ಬಂದೇಬಿಡ್ತು, ಅಲ್ಲಿ ನಿಲ್ಲಿಸೋಣ" ಎಂದಿರುತ್ತಾರೆ. ಆ ಕೊನೆಯ ಕೆಲವು ಕಿಲೋಮೀಟರುಗಳಲ್ಲೇ ಆಗಬಾರದ್ದು ಆಗಿಬಿಡುತ್ತದೆ. ಮರುದಿನ ಗ್ಯಾರೇಜಿನಿಂದ ಫೋನು ಬರುತ್ತದೆ: "ಸಾರ್, ಎಂಜಿನ್ ಹೋಗಿದೆ. ಬೇರೆ ಹಾಕ್ಬೇಕು. ಒಂದೂವರೆ ಲಕ್ಷ ಆಗುತ್ತೆ."

ಒಂದೂವರೆ ಲಕ್ಷವೆಂದರೆ ನಮ್ಮಂಥ ಸಂಸಾರಸ್ಥರ ಮನೆಯಲ್ಲಿ ಮಕ್ಕಳ ಕಾಲೇಜಿನ ಫೀಸು, ಈ ವರ್ಷ ಮಾಡಿಸಬೇಕೆಂದಿದ್ದ ಸುಣ್ಣಬಣ್ಣ, ಕಷ್ಟಕಾಲಕ್ಕೆಂದು ಕೂಡಿಟ್ಟ ಠೇವಣಿ. ಫೋನು ಇಟ್ಟ ಕೂಡಲೇ ನಾವು ಭಾವಮೈದುನನನ್ನು ಕೇಳುತ್ತೇವೆ, ಆಫೀಸಿನ ಗೆಳೆಯರನ್ನು ಕೇಳುತ್ತೇವೆ, ಪಕ್ಕದ ಮನೆಯವರನ್ನು ಕೇಳುತ್ತೇವೆ. ಒಬ್ಬರು "ಎಪ್ಪತ್ತು ಸಾವಿರಕ್ಕೆ ಮುಗಿಯುತ್ತೆ, ಮೋಸ ಹೋಗಬೇಡಿ" ಎನ್ನುತ್ತಾರೆ. ಇನ್ನೊಬ್ಬರು "ಕಂಪನಿ ಸರ್ವೀಸ್ ಸೆಂಟರ್‌ನಲ್ಲಾದರೆ ಎರಡೂವರೆ ಲಕ್ಷ, ನಿಮ್ಮದು ಕಮ್ಮಿಯೇ" ಎನ್ನುತ್ತಾರೆ. ಇಬ್ಬರ ಮಾತೂ ನಿಜವಿರಬಹುದು, ಏಕೆಂದರೆ ಅವರು ಹೇಳುತ್ತಿರುವುದು ಬೇರೆ ಬೇರೆ ಕೆಲಸದ ಬೆಲೆ. ಎಂಜಿನ್ ಬದಲಾವಣೆ ಎಂಬ ಒಂದೇ ಹೆಸರಿನಡಿ ಹತ್ತು ತರಹದ ಕೆಲಸ ನಡೆಯುತ್ತದೆ. ಆದ್ದರಿಂದ ಹೇಳಿದ ಮೊತ್ತ ನ್ಯಾಯವೋ ಅಲ್ಲವೋ ಎಂದು ತೂಗುವ ಮೊದಲು, ಆ ಮೊತ್ತ ಯಾವುದಕ್ಕೆ ಎಂಬುದನ್ನು ಸಮಾಧಾನದಿಂದ ಬಿಡಿಸಿ ನೋಡಬೇಕು.

ಮೊದಲು ಕೇಳಬೇಕಾದದ್ದು ರೋಗದ ವಿಚಾರ. ಎಂಜಿನ್ ಹೋಗಿದೆ ಎಂದು ಯಾವುದನ್ನು ನೋಡಿ ಹೇಳಿದರು? ಕಾದು ನಿಂತ ಎಂಜಿನ್ನುಗಳೆಲ್ಲ ಸತ್ತ ಎಂಜಿನ್ನುಗಳಲ್ಲ. ಬಹಳ ಸಲ ಹೋಗಿರುವುದು ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಇರುವ ತೆಳುವಾದ ಹಾಳೆ. ಈಗಿನ ಕಾರುಗಳ ಹೆಡ್ ಬಹುಮಟ್ಟಿಗೆ ಅಲ್ಯುಮಿನಿಯಮ್ಮಿನದು. ಅತಿ ಶಾಖಕ್ಕೆ ಅದು ಕೂದಲೆಳೆಯಷ್ಟು ಬಾಗಿದರೂ ಸಾಕು, ಗ್ಯಾಸ್ಕೆಟ್ ಹಿಡಿತ ಬಿಡುತ್ತದೆ. ಬಾಗಿದ ಹೆಡ್ಡನ್ನು ಲೇತಿಗೆ ಕಳಿಸಿ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಕೂಡಿಸಿದರೆ ಎಷ್ಟೋ ಕಾರುಗಳು ಇನ್ನೂ ವರ್ಷಗಟ್ಟಲೆ ಓಡುತ್ತವೆ. ಬ್ಲಾಕ್ ಬಿರುಕು ಬಿಟ್ಟಿದ್ದರೆ, ಪಿಸ್ಟನ್ ಕರಗಿ ಸಿಲಿಂಡರಿನ ಗೋಡೆಯನ್ನು ಗೀರಿದ್ದರೆ, ಕ್ರ್ಯಾಂಕ್ ಶಾಫ್ಟ್ ಹಾಳಾಗಿದ್ದರೆ ಮಾತು ಬೇರೆ. ಎರಡರ ಖರ್ಚಿಗೂ ಅಜಗಜಾಂತರ. ಆದ್ದರಿಂದ ಯಾವುದು ಎಂಬುದು ಪರೀಕ್ಷೆಯಿಂದ ತಿಳಿಯಬೇಕೇ ಹೊರತು ಊಹೆಯಿಂದಲ್ಲ.

ಆ ಪರೀಕ್ಷೆಗಳಲ್ಲಿ ಕೆಲವನ್ನು ನಾವೂ ಪಕ್ಕದಲ್ಲಿ ನಿಂತು ನೋಡಬಹುದು. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಕೂಲೆಂಟ್ ಆಯಿಲಿಗೆ ಸೇರಿದೆ. ಆಯಿಲ್ ಫಿಲ್ಟರನ್ನು ಕತ್ತರಿಸಿ ತೆರೆದಾಗ ಲೋಹದ ಪುಡಿ ಮಿನುಗಿದರೆ ಬೇರಿಂಗ್ ಸವೆದಿದೆ. ಎಂಜಿನ್ ಇನ್ನೂ ಸ್ಟಾರ್ಟ್ ಆಗುತ್ತಿದ್ದರೆ ಹೊಗೆಯೇ ಬಹಳಷ್ಟು ಹೇಳುತ್ತದೆ: ನೀಲಿಯಾದರೆ ಆಯಿಲ್ ಉರಿಯುತ್ತಿದೆ, ದಟ್ಟ ಬಿಳಿಯಾದರೆ ಕೂಲೆಂಟ್ ಆವಿಯಾಗುತ್ತಿದೆ, ಕಪ್ಪಾದರೆ ಇಂಧನ ಹೆಚ್ಚಾಗಿದೆ. ಇವೆಲ್ಲಕ್ಕಿಂತ ಖಚಿತವಾದದ್ದು ಕಂಪ್ರೆಷನ್ ಟೆಸ್ಟ್. ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಜೋಡಿಸಿ, ಒಂದೊಂದು ರಂಧ್ರಕ್ಕೂ ಗೇಜ್ ಸಿಕ್ಕಿಸಿ ಎಂಜಿನ್ ತಿರುಗಿಸುತ್ತಾರೆ. ನಾಲ್ಕು ಸಿಲಿಂಡರುಗಳಲ್ಲಿ ಮೂರು 170ರ ಆಸುಪಾಸು ತೋರಿಸಿ ಒಂದು ಮಾತ್ರ 90ಕ್ಕೆ ನಿಂತರೆ ರೋಗ ಅಲ್ಲಿದೆ. ಆ ಸಿಲಿಂಡರಿಗೆ ಒಂದಿಷ್ಟು ಆಯಿಲ್ ಬಿಟ್ಟು ಮತ್ತೆ ಅಳೆದಾಗ ಮುಳ್ಳು ಮೇಲೇರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವನ್ನೋ ಗ್ಯಾಸ್ಕೆಟ್ಟನ್ನೋ ಅನುಮಾನಿಸಬೇಕು. ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಕುಸಿದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿದರೆ ಬಲ್ಲ ಮೆಕ್ಯಾನಿಕ್ ಬೇಸರಪಡುವುದಿಲ್ಲ.

ಎಂಜಿನ್ ಬದಲಿಸಲೇಬೇಕು ಎಂದು ಖಾತ್ರಿಯಾದ ಮೇಲೆ, ಯಾವ ಎಂಜಿನ್ ಎಂಬುದು ಮುಂದಿನ ಪ್ರಶ್ನೆ. ಕಂಪನಿಯಿಂದಲೇ ಬರುವ ಹೊಸದಿದೆ. ಅದರಲ್ಲೂ ಶಾರ್ಟ್ ಬ್ಲಾಕ್ ಎಂದರೆ ಬ್ಲಾಕ್, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಪಿಸ್ಟನ್ ಇಷ್ಟೇ. ಹೆಡ್ ಹಳೆಯದನ್ನೇ ಕೂಡಿಸಬೇಕು. ಲಾಂಗ್ ಬ್ಲಾಕ್ ಎಂದರೆ ಹೆಡ್ ಸಹಿತ. ನಮ್ಮದೇ ಎಂಜಿನ್ ಇಳಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿ ಕಟ್ಟುವುದು ಇನ್ನೊಂದು ದಾರಿ. ಅಪಘಾತವಾದ ಕಾರಿನಿಂದ ತೆಗೆದ ಸೆಕೆಂಡ್ ಹ್ಯಾಂಡ್ ಎಂಜಿನ್ ಮತ್ತೊಂದು. ಎಪ್ಪತ್ತು ಸಾವಿರವೂ ಎರಡೂವರೆ ಲಕ್ಷವೂ ಒಟ್ಟಿಗೇ ನಿಜವಾಗುವುದು ಹೀಗೆ. ಎರಡು ಕಡೆಯ ಎಸ್ಟಿಮೇಟ್ ತಂದು ಮೇಜಿನ ಮೇಲಿಟ್ಟು ಹೋಲಿಸುವಾಗ ಎರಡರಲ್ಲೂ ಇರುವುದು ಒಂದೇ ಬಗೆಯ ಎಂಜಿನ್ನೇ ಎಂದು ನೋಡದಿದ್ದರೆ, ಆ ಹೋಲಿಕೆಗೆ ಅರ್ಥವಿಲ್ಲ.

ಪಟ್ಟಿಯಲ್ಲಿ ಇರುವುದನ್ನು ಓದುವಷ್ಟೇ ಶ್ರದ್ಧೆಯಿಂದ ಇಲ್ಲದಿರುವುದನ್ನೂ ಹುಡುಕಬೇಕು. ಗ್ಯಾಸ್ಕೆಟ್ ಕಿಟ್, ಎಂಜಿನ್ ಆಯಿಲ್, ಫಿಲ್ಟರ್, ಕೂಲೆಂಟ್, ಟೈಮಿಂಗ್ ಬೆಲ್ಟ್ ಅಥವಾ ಚೈನ್, ವಾಟರ್ ಪಂಪ್, ಥರ್ಮೋಸ್ಟಾಟ್, ಎಂಜಿನ್ ಮೌಂಟಿಂಗ್ ಇವೆಲ್ಲ ಸೇರಿವೆಯೇ? ಗೇರ್ ಬಾಕ್ಸ್ ಹೇಗೂ ಬೇರ್ಪಡುವುದರಿಂದ ಹಳೆಯ ಕ್ಲಚ್ ಪ್ಲೇಟ್ ಬದಲಿಸಲು ಅದೇ ಹೊತ್ತು ಸರಿ. ಆರು ತಿಂಗಳ ನಂತರ ಅದಕ್ಕೆಂದೇ ಮತ್ತೆ ಬಿಚ್ಚಿದರೆ ಲೇಬರ್ ಎರಡು ಸಲ ಕೊಟ್ಟಂತೆ. ತೆರಿಗೆ ಸೇರಿದೆಯೇ ಎಂಬುದೂ ಮುಖ್ಯ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 18. ಅದಕ್ಕೆ ಮೊದಲು ಹಲವು ಭಾಗಗಳಿಗೆ ಶೇ 28 ಇತ್ತು. ರಿಪೇರಿ ಕೂಲಿಯ ಮೇಲೂ ಶೇ 18. ಒಂದು ಲಕ್ಷದ ಕೆಲಸಕ್ಕೆ ಇದೇ 18,000 ಆಗುತ್ತದೆ. ಒಬ್ಬರು ತೆರಿಗೆ ಸೇರಿಸಿ ಹೇಳಿದ್ದು, ಇನ್ನೊಬ್ಬರು ಸೇರಿಸದೆ ಹೇಳಿದ್ದು ಪಕ್ಕಪಕ್ಕ ಇಟ್ಟರೆ ಪ್ರಾಮಾಣಿಕನೇ ದುಬಾರಿಯವನಂತೆ ಕಾಣುತ್ತಾನೆ.

ಇನ್ನೊಂದು ಪ್ರಶ್ನೆಯನ್ನಂತೂ ಮರೆಯುವಂತಿಲ್ಲ: ಎಂಜಿನ್ ಏಕೆ ಹೋಯಿತು? ಕೊಳವೆ ಸೋರಿತ್ತೇ, ರೇಡಿಯೇಟರ್ ಕಟ್ಟಿಕೊಂಡಿತ್ತೇ, ಫ್ಯಾನ್ ತಿರುಗುತ್ತಿರಲಿಲ್ಲವೇ, ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇತ್ತೇ, ಆಯಿಲ್ ಪಂಪ್ ಕೈಕೊಟ್ಟಿತೇ? ಕಾರಣವನ್ನು ಹಾಗೆಯೇ ಬಿಟ್ಟು ಎಂಜಿನ್ ಮಾತ್ರ ಬದಲಿಸಿದರೆ ಹೊಸದಕ್ಕೂ ಹಳೆಯದರ ಗತಿಯೇ. ಎಂಜಿನ್ನಿನ ಬೆಲೆ ಬರೆದು ಕಾರಣದ ಬಗ್ಗೆ ಒಂದು ಸಾಲೂ ಬರೆಯದ ಎಸ್ಟಿಮೇಟ್ ಎಷ್ಟೇ ಅಗ್ಗವಾಗಿದ್ದರೂ ಅಪೂರ್ಣ. ರೇಡಿಯೇಟರ್ ಬದಲಾವಣೆಗೆಂದು ಹೆಚ್ಚಿಗೆ ಬರೆದವರು ನಮ್ಮ ದುಡ್ಡಿಗೆ ಕಣ್ಣು ಹಾಕಿದ್ದಾರೆ ಎಂದು ಆತುರದಲ್ಲಿ ತಿಳಿಯಬಾರದು. ಅವರು ನಮ್ಮ ಮುಂದಿನ ಘಾಟಿಯ ಬಗ್ಗೆ ಯೋಚಿಸಿರಬಹುದು.

ಸೆಕೆಂಡ್ ಹ್ಯಾಂಡ್ ಎಂಜಿನ್ ಹಾಕಿಸುವವರು ಬೆಲೆಯ ಜೊತೆಗೆ ಕಾಗದವನ್ನೂ ನೋಡಬೇಕು. ಪ್ರತಿ ಎಂಜಿನ್ ಬ್ಲಾಕಿನ ಮೇಲೂ ಒಂದು ಸಂಖ್ಯೆ ಕೆತ್ತಿರುತ್ತದೆ, ಅದೇ ಸಂಖ್ಯೆ ನಮ್ಮ ಆರ್‌ಸಿಯಲ್ಲೂ ಇರುತ್ತದೆ. ಎಂಜಿನ್ ಬದಲಾದರೆ ಆರ್‌ಟಿಒ ಕಚೇರಿಯಲ್ಲಿ ಅದನ್ನು ನಮೂದಿಸಲೇಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಇಂಥ ಬದಲಾವಣೆಗಳಿಗೆ ಸಂಬಂಧಿಸಿದ್ದೇ. ಮಾರಿದವರ ಬಿಲ್ಲು, ಆ ಎಂಜಿನ್ ಯಾವ ವಾಹನದಿಂದ ಬಂತು ಎಂಬ ದಾಖಲೆ ಇಲ್ಲದಿದ್ದರೆ, ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿದ್ದು ಯಾರದೋ ಕಳುವಾದ ಕಾರಿನದೂ ಆಗಿರಬಹುದು. ಆಗ ಅದು ಅಗ್ಗವೂ ಅಲ್ಲ, ನ್ಯಾಯವೂ ಅಲ್ಲ. ಇನ್ನೊಂದು ಮನೆಯವರ ನಷ್ಟದ ಮೇಲೆ ನಮ್ಮ ಲಾಭ ನಿಂತಿದೆಯೇ ಎಂದು ಕೇಳಿಕೊಳ್ಳುವುದು ಕಾನೂನಿಗೆ ಹೆದರಿ ಮಾಡುವ ಕೆಲಸವಷ್ಟೇ ಅಲ್ಲ, ಗೃಹಸ್ಥಧರ್ಮ.

ಕೈಯಿಂದ ದುಡ್ಡು ಹಾಕುವ ಮೊದಲು ಇನ್ಶೂರೆನ್ಸ್ ಪಾಲಿಸಿಯನ್ನೂ ತೆಗೆದು ನೋಡಬೇಕು. ಸವೆದು ಹೋದ ಎಂಜಿನ್ನಿಗೆ ವಿಮೆ ಸಿಗುವುದಿಲ್ಲ. ನೀರು ನುಗ್ಗಿ ಕೆಟ್ಟಿದ್ದರೆ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಂಡಿದ್ದವರಿಗೆ ನೆರವಾಗುತ್ತದೆ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತಮುತ್ತ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದು ನೆನಪಿರಬಹುದು. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಲು ಹೋಗಬಾರದು. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಸಿಲಿಂಡರಿನೊಳಗೆ ನೀರಿದ್ದಾಗ ಪಿಸ್ಟನ್ ಮೇಲೇರಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೀಗೆ ಸ್ಟಾರ್ಟ್ ಮಾಡಿ ಆದ ಹಾನಿಯನ್ನು ಸಾಮಾನ್ಯ ಪಾಲಿಸಿ ಭರಿಸುವುದಿಲ್ಲ. ವಿಮೆ ಕೇಳುವವರು ಸರ್ವೇಯರ್ ಬಂದು ನೋಡುವ ಮೊದಲು ಎಂಜಿನ್ ಬಿಚ್ಚಿಸಲೂ ಬಾರದು.

ಕಾರಿನ ಬೆಲೆಗೂ ಎಂಜಿನ್ನಿನ ಖರ್ಚಿಗೂ ತಾಳೆ ನೋಡುವುದು ಲೋಕರೂಢಿ. ಅಪಘಾತದ ರಿಪೇರಿ ವೆಚ್ಚ ವಾಹನದ ಘೋಷಿತ ಮೌಲ್ಯದ ಶೇ 75 ದಾಟಿದರೆ ವಿಮಾ ಕಂಪನಿಗಳು ಅದನ್ನು ಪೂರ್ಣ ನಷ್ಟವೆಂದೇ ಲೆಕ್ಕ ಹಾಕುತ್ತವೆ. ಮನೆಯ ಲೆಕ್ಕಕ್ಕೂ ಇದು ಒಂದು ಅಳತೆಗೋಲಾದೀತು, ಆದರೆ ಅದೇ ಅಂತಿಮವಲ್ಲ. ಮೂರು ಲಕ್ಷ ಬೆಲೆಬಾಳುವ ಹಳೆಯ ಕಾರಿಗೆ ಒಂದೂವರೆ ಲಕ್ಷ ಹಾಕುವುದು ಮೇಲುನೋಟಕ್ಕೆ ದಡ್ಡತನ ಎನಿಸುತ್ತದೆ. ಆದರೆ ಅದನ್ನು ಮಾರಿ ಕೊಳ್ಳುವ ಇನ್ನೊಂದು ಹಳೆಯ ಕಾರಿನ ಎಂಜಿನ್ ಯಾವ ಸ್ಥಿತಿಯಲ್ಲಿದೆಯೋ ಯಾರಿಗೆ ಗೊತ್ತು? ಹೊಸದಕ್ಕೆ ಸಾಲ ಮಾಡಿದರೆ ತಿಂಗಳು ತಿಂಗಳು ಕಂತು. ಮೈಕಟ್ಟು, ಗೇರ್ ಬಾಕ್ಸ್, ಸಸ್ಪೆನ್ಷನ್ ಚೆನ್ನಾಗಿದ್ದು, ನಾವೇ ನೋಡಿಕೊಂಡು ಬಂದ ಕಾರಾದರೆ, ಅದರ ಗುಣದೋಷ ನಮಗೆ ತಿಳಿದಿರುತ್ತದೆ. ಆ ತಿಳಿವಳಿಕೆಗೂ ಒಂದು ಬೆಲೆಯುಂಟು.

ನ್ಯಾಯವಾದ ಕೂಲಿ ಯಾವುದು ಎಂಬ ಚಿಂತೆ ಮೋಟಾರು ಬಂದ ಮೇಲೆ ಹುಟ್ಟಿದ್ದಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ರುದ್ರಪಟ್ಟಣ ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಂಟಕಶೋಧನ ಎಂಬ ಅಧಿಕರಣವಿದೆ. ಅದು ಶುರುವಾಗುವುದೇ ಕುಶಲಕರ್ಮಿಗಳ ವಿಚಾರದಿಂದ. ಎಲ್ಲಿ ಮಾಡುವುದು, ಎಷ್ಟು ಕಾಲದಲ್ಲಿ ಮಾಡುವುದು, ಏನು ಮಾಡುವುದು ಎಂಬ ಮೂರನ್ನೂ ಮೊದಲೇ ನಿಶ್ಚಯಿಸಿಕೊಂಡು ಕೆಲಸ ಹಿಡಿಯಬೇಕು ಎಂಬುದು ಅಲ್ಲಿನ ವಿಧಿ. ಹೊತ್ತು ಮೀರಿದರೆ ಕೂಲಿಯಲ್ಲಿ ಕಾಲುಭಾಗ ಕಡಿತ, ಅದರ ಎರಡರಷ್ಟು ದಂಡ. ಒಪ್ಪಿದ ಕೆಲಸ ಬಿಟ್ಟು ಬೇರೆಯಾಗಿ ಮಾಡಿದರೆ ಇಡೀ ಕೂಲಿಯೇ ಹೋಗಿ, ಮೇಲೆ ಎರಡರಷ್ಟು ದಂಡ. ಕೊಟ್ಟ ವಸ್ತು ಹಾಳಾದರೆ ಕೆಲಸಗಾರನೇ ಕಟ್ಟಿಕೊಡಬೇಕು, ಆದರೆ ಆಕಸ್ಮಿಕ ವಿಪತ್ತಿನಿಂದ ಆದದ್ದಕ್ಕೆ ಅವನು ಹೊಣೆಯಲ್ಲ. ಎರಡು ಸಾವಿರ ವರ್ಷಗಳಷ್ಟು ಹಳೆಯ ಈ ವಿವೇಕ ಇವತ್ತಿನ ಎಸ್ಟಿಮೇಟ್ ಹಾಳೆಗೂ ಸಲ್ಲುತ್ತದೆ: ಏನು ಮಾಡುತ್ತೀರಿ, ಯಾವಾಗ ಕೊಡುತ್ತೀರಿ, ಲೇತಿನ ಕೆಲಸ ಎಲ್ಲಿ ಮಾಡಿಸುತ್ತೀರಿ, ಕೆಟ್ಟರೆ ಎಷ್ಟು ತಿಂಗಳವರೆಗೆ ನಿಮ್ಮ ಹೊಣೆ, ಆ ಹೊಣೆಯಲ್ಲಿ ಕೂಲಿಯೂ ಸೇರಿದೆಯೇ.

ಇಷ್ಟೆಲ್ಲ ಕೇಳುವ ನಾವು ಇನ್ನೊಂದು ಬದಿಯನ್ನೂ ಕಾಣಬೇಕು. ಎಸ್ಟಿಮೇಟಿನಲ್ಲಿ ನಮ್ಮ ಕಣ್ಣನ್ನು ಮೊದಲು ಚುಚ್ಚುವುದು ಲೇಬರ್ ಎಂಬ ಸಾಲೇ. ಬಿಡಿಭಾಗದ ಬೆಲೆಯನ್ನು ತಕರಾರಿಲ್ಲದೆ ಒಪ್ಪುತ್ತೇವೆ, ಕೈಕೆಲಸದ ಬೆಲೆಗೆ ಮಾತ್ರ ಚೌಕಾಸಿ. ಎಂಜಿನ್ ಇಳಿಸುವುದನ್ನು ಒಮ್ಮೆ ನಿಂತು ನೋಡಬೇಕು. ಬ್ಯಾಟರಿ ಬಿಚ್ಚಿ, ಆಯಿಲ್, ಕೂಲೆಂಟ್ ಇಳಿಸಿದ ಮೇಲೆ ಹುಡುಗನೊಬ್ಬ ವೈರಿಂಗಿನ ಒಂದೊಂದು ಕೊಂಡಿಯನ್ನೂ ಬಿಡಿಸಿ, ಅದಕ್ಕೊಂದು ಟೇಪು ಸುತ್ತಿ ಪೆನ್ನಿನಿಂದ ನಂಬರು ಬರೆಯುತ್ತಾನೆ. ಬೋಲ್ಟುಗಳು ಬೇರೆ ಬೇರೆ ಡಬ್ಬಿಗಳಿಗೆ ಹೋಗುತ್ತವೆ, ಏಕೆಂದರೆ ಒಂದರ ಉದ್ದ ಇನ್ನೊಂದಕ್ಕಿಲ್ಲ. ತುಕ್ಕು ಹಿಡಿದ ಸೈಲೆನ್ಸರಿನ ನಟ್ಟು ತುಂಡಾಗದಂತೆ ಬಿಚ್ಚಲು ಒಬ್ಬ ಕಾರಿನಡಿ ಮಲಗಿರುತ್ತಾನೆ. ಚೈನ್ ಬ್ಲಾಕಿನಿಂದ ಎಂಜಿನ್ ಮೇಲೇಳುವಾಗ ಇಬ್ಬರು ಅದನ್ನು ಹಿಡಿದು, ಕಾರಿನ ಮೈಗೆ ತಾಗದಂತೆ ಅಂಗುಲ ಅಂಗುಲವಾಗಿ ನಡೆಸುತ್ತಾರೆ.

ಕೂಡಿಸುವಾಗ ಇನ್ನೂ ಹೆಚ್ಚಿನ ಜಾಗ್ರತೆ. ಹೆಡ್ಡಿನ ಬೋಲ್ಟುಗಳನ್ನು ಮನಸ್ಸಿಗೆ ಬಂದಂತೆ ಬಿಗಿಯುವಂತಿಲ್ಲ. ನಡುವಿನಿಂದ ಶುರುಮಾಡಿ ಹೊರಗಿನ ಕಡೆಗೆ, ಕಂಪನಿ ಹೇಳಿದ ಕ್ರಮದಲ್ಲಿ, ಟಾರ್ಕ್ ರೆಂಚಿನಿಂದ ಹಂತಹಂತವಾಗಿ ಬಿಗಿಯಬೇಕು. ಅವಸರಪಟ್ಟರೆ ಹೊಸ ಗ್ಯಾಸ್ಕೆಟ್ಟೂ ಸೋರುತ್ತದೆ. ಎಲ್ಲ ಮುಗಿದ ಮೇಲೆ ಕೂಲೆಂಟ್ ತುಂಬಿ ಒಳಗಿನ ಗಾಳಿ ಹೊರಹೋಗುವಂತೆ ಮಾಡಿ, ಫ್ಯಾನ್ ತಾನೇ ತಾನಾಗಿ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ, ಎಲ್ಲಾದರೂ ಒಂದು ಹನಿ ತೊಟ್ಟಿಕ್ಕುತ್ತಿದೆಯೇ ಎಂದು ಟಾರ್ಚು ಹಿಡಿದು ನೋಡುತ್ತಾರೆ. ಲೇಬರ್ ಎಂದು ಒಂದೇ ಪದದಲ್ಲಿ ಬರೆದ ಸಾಲಿನೊಳಗೆ ಇಷ್ಟು ಜನರ ಇಷ್ಟು ದಿನಗಳ ಗಮನ ಅಡಗಿದೆ. ಇದನ್ನು ಅರ್ಧಕ್ಕೆ ಇಳಿಸಿ ಎಂದು ಪಟ್ಟು ಹಿಡಿದರೆ ಇಳಿಯುವುದು ಆ ಗಮನವೇ.

ಕಾನೂನು ಕೂಡ ಎರಡೂ ಕಡೆ ನೋಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಮಾಡಿದ ಕೆಲಸಕ್ಕೆ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಸೇವೆಯಲ್ಲಿ ಕೊರತೆಯಾದರೆ 1915 ಸಹಾಯವಾಣಿಗೆ ದೂರಬಹುದು, ಜಿಲ್ಲಾ ಆಯೋಗಕ್ಕೂ ಹೋಗಬಹುದು. 1872ರ ಕರಾರು ಕಾಯಿದೆಯ 170ನೇ ಕಲಂ ಕೆಲಸಗಾರನ ಪರವಾಗಿ ನಿಲ್ಲುತ್ತದೆ: ಶ್ರಮಪಟ್ಟು, ಕೌಶಲ ಹಾಕಿ ರಿಪೇರಿ ಮಾಡಿದವನು ತನ್ನ ಕೂಲಿ ಕೈಸೇರುವವರೆಗೆ ಆ ವಸ್ತುವನ್ನು ತನ್ನ ಬಳಿ ಇಟ್ಟುಕೊಳ್ಳಬಹುದು. "ಬಿಲ್ಲು ಬೇಡ ಅಂದ್ರೆ ಇಷ್ಟು ಕಮ್ಮಿ ಮಾಡ್ತೀನಿ" ಎಂಬ ಮಾತಿಗೆ ನಾವು ಒಪ್ಪಿದ ಕ್ಷಣ ನಮ್ಮ ಹಕ್ಕಿನ ಕಾಗದವನ್ನು ನಾವೇ ಹರಿದುಹಾಕಿದಂತೆ. ನಾಳೆ ಎಂಜಿನ್ ಕೈಕೊಟ್ಟರೆ ತೋರಿಸಲು ಏನೂ ಉಳಿಯುವುದಿಲ್ಲ. ಹಾಗೆ ಉಳಿಸಿದ ತೆರಿಗೆ ಊರಿನ ರಸ್ತೆಗೂ ಆಸ್ಪತ್ರೆಗೂ ಸೇರಬೇಕಾದ ದುಡ್ಡು ಎಂಬುದನ್ನೂ ನೆನೆಯಬೇಕು.

ಈ ವಿಚಾರದಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಾಡುವುದು ಒಂದೇ. ಇಬ್ಬರು ಮೆಕ್ಯಾನಿಕ್ಕುಗಳಿದ್ದಾರೆ ಎಂದುಕೊಳ್ಳೋಣ. ಒಬ್ಬ ಕೇಳಿದ ತಕ್ಷಣ "ಎಂಜಿನ್ ಹೋಗಿದೆ" ಎಂದು ಹೇಳಿ ಎಂಜಿನ್ ಮಾರುತ್ತಾನೆ. ಇನ್ನೊಬ್ಬ ಅರ್ಧ ದಿನ ಕೂತು ಗೇಜ್ ಹಾಕಿ, ಪ್ಲಗ್ ನೋಡಿ, ಫಿಲ್ಟರ್ ಕತ್ತರಿಸಿ, "ಅಣ್ಣಾ, ಎಂಜಿನ್ ಬೇಡ, ಗ್ಯಾಸ್ಕೆಟ್ ಸಾಕು" ಎನ್ನುತ್ತಾನೆ. ಮೊದಲನೆಯವನಿಗೆ ಲಾಭ ಬಂತು. ಎರಡನೆಯವನು ನಮಗೆ ಲಕ್ಷ ರೂಪಾಯಿ ಉಳಿಸಿದ, ತಾನು ಅರ್ಧ ದಿನ ಕಳೆದುಕೊಂಡ. ಅವನು ತಪಾಸಣೆಗೆಂದು ಒಂದು ಸಾವಿರ ಕೇಳಿದರೆ ನಾವು ಹುಬ್ಬೇರಿಸುತ್ತೇವೆ, "ನೋಡೋದಕ್ಕೂ ದುಡ್ಡಾ?" ಎನ್ನುತ್ತೇವೆ. ವೈದ್ಯರು ನಾಡಿ ಹಿಡಿದು ಔಷಧಿ ಬೇಡ, ವಿಶ್ರಾಂತಿ ಸಾಕು ಎಂದರೂ ಅವರ ಫೀಸನ್ನು ಗೌರವದಿಂದ ಮೇಜಿನ ಮೇಲಿಡುವ ನಾವು, ಎಂಜಿನ್ನಿನ ನಾಡಿ ಹಿಡಿದವನ ತಿಳಿವಳಿಕೆ ಪುಕ್ಕಟೆಯೆಂದುಕೊಂಡಿದ್ದೇವೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಕೊಳ್ಳುವವರಿಗೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ತಿಳಿಯದಿದ್ದಾಗ ಅವರು ಎಲ್ಲಕ್ಕೂ ಒಂದೇ ಮಧ್ಯಮ ಬೆಲೆ ಕೊಡುತ್ತಾರೆ. ಆ ಬೆಲೆ ಗಿಟ್ಟದ ಒಳ್ಳೆಯ ಮಾಲಿನವರು ನಿಧಾನಕ್ಕೆ ಪೇಟೆ ಬಿಟ್ಟು ಹೋಗುತ್ತಾರೆ ಎಂಬುದು ಅದರ ಸಾರ. ಇಂಥ ಪೇಟೆಗಳ ಕುರಿತ ಚಿಂತನೆಗೆ 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಬಂತು. ರಿಪೇರಿಯ ಲೋಕದಲ್ಲೂ ಹೀಗೆಯೇ ಆಗುವ ಭಯವಿದೆ. ತಪಾಸಣೆಗೆ ನಾವು ಕೂಲಿ ಕೊಡದಿದ್ದರೆ, ಆ ಕೂಲಿಯನ್ನು ಎಂಜಿನ್ನಿನ ಬೆಲೆಯಲ್ಲಿ ಮುಚ್ಚಿಟ್ಟು ವಸೂಲು ಮಾಡುವವರು ಉಳಿಯುತ್ತಾರೆ. ನೇರವಾಗಿ ಕೇಳುವವರು ಅಂಗಡಿ ಮುಚ್ಚುತ್ತಾರೆ. ಹಾಗಾದಾಗ ಮೋಸ ಹೆಚ್ಚಿತೆಂದು ದೂರುವ ನಮ್ಮ ಪಾಲೂ ಅದರಲ್ಲಿ ಇರುತ್ತದೆ.

ಆದ್ದರಿಂದ ಸಂಸಾರಸ್ಥರಾದ ನಾವು ಮಾಡಬಹುದಾದದ್ದು ಬಹಳ ಸರಳ. ಕಾರು ಒಪ್ಪಿಸುವಾಗಲೇ "ಮೊದಲು ಪೂರ್ತಿ ಚೆಕ್ ಮಾಡಿ, ಅದಕ್ಕೆ ಎಷ್ಟಾಗುತ್ತೋ ಬೇರೆಯಾಗಿ ಕೊಡ್ತೀವಿ, ಕೆಲಸ ನಿಮಗೇ ಕೊಟ್ಟರೂ ಸರಿ, ಕೊಡದಿದ್ದರೂ ಸರಿ" ಎಂದು ಹೇಳಬೇಕು. ಈ ಒಂದು ಮಾತಿನಿಂದ ಸತ್ಯ ಹೇಳುವುದು ಅವರಿಗೆ ನಷ್ಟದ ಬಾಬಲ್ಲ ಎಂದಾಗುತ್ತದೆ. ಇನ್ನೊಂದು ಕಡೆ ವಿಚಾರಿಸುವುದು ನಮ್ಮ ಹಕ್ಕು, ಇಷ್ಟು ದೊಡ್ಡ ಖರ್ಚಿಗೆ ವಿಚಾರಿಸಲೇಬೇಕು. ಆದರೆ ಒಬ್ಬರು ಶ್ರಮಪಟ್ಟು ಕಂಡುಹಿಡಿದ ರೋಗವನ್ನು ಪುಕ್ಕಟೆಯಾಗಿ ಹೊತ್ತೊಯ್ದು, ಇನ್ನೊಬ್ಬರಿಂದ ಎರಡು ಸಾವಿರ ಕಡಿಮೆ ಮಾಡಿಸಿಕೊಳ್ಳುವುದು ಜಾಣತನವಲ್ಲ. ಬದಲಿಸಿದ ಹಳೆಯ ಭಾಗಗಳನ್ನು ತೋರಿಸಿ ಎಂದು ವಿನಯದಿಂದ ಕೇಳಬಹುದು. ಬಿಚ್ಚಿದ ಮೇಲೆ ಹೊಸ ದೋಷ ಕಂಡರೆ ಮುಂದುವರಿಯುವ ಮೊದಲು ಫೋನು ಮಾಡಿ ಎಂದೂ ಮೊದಲೇ ಹೇಳಿಡಬಹುದು.

ನಂಬಿಕೆ ಎಂಬುದು ಕಣ್ಣುಮುಚ್ಚಿ ದುಡ್ಡು ಕೊಡುವುದಲ್ಲ, ಪ್ರತಿ ಸಾಲಿಗೂ ಅನುಮಾನ ಪಡುವುದೂ ಅಲ್ಲ. ಕೇಳಬೇಕಾದದ್ದನ್ನು ಮರ್ಯಾದೆಯಿಂದ ಕೇಳಿ, ಕೊಡಬೇಕಾದದ್ದನ್ನು ಹೊತ್ತಿಗೆ ಸರಿಯಾಗಿ ಕೊಡುತ್ತಾ ಬಂದ ಮನೆಗೂ ಗ್ಯಾರೇಜಿಗೂ ನಡುವೆ ಅದು ವರ್ಷ ವರ್ಷ ಬೆಳೆಯುತ್ತದೆ. ಅಂಥ ಮೆಕ್ಯಾನಿಕ್ ಒಬ್ಬರು ಇದ್ದರೆ, ಮುಂದೆ ಎಂದಾದರೂ ಅವರು "ಈ ಸಲ ಎಂಜಿನ್ ಹಾಕಲೇಬೇಕು" ಎಂದಾಗ ಹತ್ತು ಜನರನ್ನು ಕೇಳುವ ಕಷ್ಟ ನಮಗಿರುವುದಿಲ್ಲ. ಈ ವಾರ ನಿಮ್ಮ ಕಾರು ಯಾವುದಾದರೂ ಗ್ಯಾರೇಜಿನಲ್ಲಿ ನಿಂತಿದ್ದರೆ ತಪಾಸಣೆಯ ಹಣವನ್ನು ಇವತ್ತೇ ಕೊಟ್ಟು ರಸೀದಿ ಪಡೆಯಿರಿ, ಎಸ್ಟಿಮೇಟನ್ನು ಸಾಲುಸಾಲಾಗಿ ಬರೆಸಿಕೊಳ್ಳಿ, ಮನೆಯವರೆಲ್ಲ ಕೂತು ಓದಿ, ಆಮೇಲೆ ತೀರ್ಮಾನ ಮಾಡಿ.